ನೂರನೇ ವರ್ಷದ ರೊಟ್ಟಿ

ನಜ್ಲತ್ ಬೊಕ್ತೊರ್, ಮಿನ್ಯಾ
ಮಂಗಳವಾರ, 8 ಅಕ್ಟೋಬರ್ 2002

ಮುದ್ದಿನ ಮಗಳು ನರ್ಗಿಸ್‌ಗೆ ಅಮ್ಮನ ನೂರು ಮುತ್ತುಗಳು.

ಕನ್ಯಾಮಠದಲ್ಲಿ ನಿನಗೆ ಬೇರೆ ಹೆಸರಿಟ್ಟಿದ್ದಾರೆ, ಗೊತ್ತು. ಲಕೋಟೆಯ ಮೇಲೆ ಅದನ್ನೇ ಬರೆಯುತ್ತೇನೆ, ಇಲ್ಲದಿದ್ದರೆ ಕಾಗದ ನಿನ್ನ ಕೈ ಸೇರುವುದಿಲ್ಲ. ಒಳಗೆ ಮಾತ್ರ ನಾನಿಟ್ಟ ಹೆಸರೇ. ನಿಮ್ಮ ಮದರ್ ಓದಿದರೆ ಓದಿಕೊಳ್ಳಲಿ.

ಈ ಕಾಗದಕ್ಕೆ ಕೂತಿದ್ದು ಇದು ನಾಲ್ಕನೇ ಸಲ ಕಣೇ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕೂರಬೇಕೆನಿಸುತ್ತದೆ. ಈಗಷ್ಟೇ ಹೋಗಿ ಕೋಳಿಗಳಿಗೆ ಎರಡನೇ ಸಲ ನುಚ್ಚು ಹಾಕಿ ಬಂದೆ. ಅವೂ ನನ್ನ ಮುಖ ನೋಡಿದವು, ಇವಳಿಗೇನಾಗಿದೆ ಅಂತ.

ಬರುವ ಭಾನುವಾರ ನಮ್ಮ ಮಾರ್ ಬೊಕ್ತೊರ್ ಚರ್ಚಿಗೆ ನೂರು ವರ್ಷ ತುಂಬುತ್ತದೆ. ಊರೆಲ್ಲ ಸುಣ್ಣದ ವಾಸನೆ. ಗಂಟೆಗೋಪುರಕ್ಕೆ ಮೇಲಿಂದ ಕೆಳಗಿನವರೆಗೆ ದೀಪದ ಸರ ಎಳೆದಿದ್ದಾರೆ. ಸ್ಕೌಟ್ ಹುಡುಗರು ಬೆಳಿಗ್ಗೆಯಿಂದ ಡೋಲು ಬಡಿಯುತ್ತಿದ್ದಾರೆ, ಒಬ್ಬನಿಗೂ ಇನ್ನೊಬ್ಬನ ತಾಳ ಹೊಂದುವುದಿಲ್ಲ. ಸಂತರ ಚಿತ್ರವಿರುವ ಗಾಜಿನ ಲೋಟಗಳು ಐನೂರು ಬಂದಿವೆಯಂತೆ, ಅದರಲ್ಲಿ ನೂರಕ್ಕೆ ವರ್ಷವೇ ತಪ್ಪು ಬಿದ್ದಿದೆಯಂತೆ. ಬಿಷಪ್ ಬರುತ್ತಾರೆ. ಅವರ ಕುರ್ಚಿಗೆ ಕೆಂಪು ಮಖಮಲ್ ಹೊಲಿದದ್ದು ಪಕ್ಕದ ಮನೆ ಕೌಕಬ್. ಅದನ್ನು ಈಗಾಗಲೇ ಮೂರು ಬೀದಿಗೆ ಹೇಳಿ ಬಂದಿದ್ದಾಳೆ.

ಇಷ್ಟೆಲ್ಲ ಇದೆ, ಆದರೆ ಆ ದಿನದ ರೊಟ್ಟಿ ನಿಮ್ಮಪ್ಪ ಬೇಯಿಸುವುದಿಲ್ಲ.

ನಲವತ್ತೊಂದು ವರ್ಷ ನರ್ಗಿಸ್! ನೀನು ಹುಟ್ಟಿದ ದಿನ ಕೂಡ ಅವರು ಚರ್ಚಿನ ರೊಟ್ಟಿ ಬೇಯಿಸುವ ಆ ಬೆತ್ಲೆಹೆಮ್ ಕೋಣೆಯಲ್ಲಿದ್ದರು. ನನಗೆ ಹೆರಿಗೆ ನೋವು, ಅವರಿಗೆ ಹಿಟ್ಟು ಹುದುಗು ಬರುವ ಹೊತ್ತು. ನೂರನೇ ವರ್ಷಕ್ಕೆ ಬಿಷಪ್ ಕೈಗೆ ಹೋಗುವ ರೊಟ್ಟಿ ತಮ್ಮದೇ ಎಂದು ಎರಡು ವರ್ಷದಿಂದ ಹೇಳಿಕೊಂಡು ಬಂದವರು. ಅದೊಂದನ್ನು ಮಾಡಿ ಕೋಣೆಯ ಕೀಲಿ ವಾಪಸ್ ಕೊಡುತ್ತೇನೆ ಎನ್ನುತ್ತಿದ್ದರು. ಈಗ ಕೀಲಿ ಅದಕ್ಕೆ ಮೊದಲೇ ಹೋಯಿತು.

ಏನಾಯಿತೆಂದು ಹೇಳುತ್ತೇನೆ. ಕಳೆದ ಶುಕ್ರವಾರದ ಆರಾಧನೆ. ಪ್ರಸಾದದ ಹೊತ್ತಿಗೆ ನಮ್ಮ ಪಾದ್ರಿ ಅಬೂನ ಬೀಮೆನ್ ಮೊದಲ ತುಣುಕು ಬಾಯಿಗಿಟ್ಟವರು ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ. ಉಗುಳುವಂತಿಲ್ಲ, ಮಾತಾಡುವಂತಿಲ್ಲ, ನುಂಗಿಕೊಂಡರು. ರೊಟ್ಟಿ ಉಪ್ಪು! ಹಿಟ್ಟು, ನೀರು, ಹುದುಗು ಬಿಟ್ಟು ಕುರ್ಬಾನದ ರೊಟ್ಟಿಗೆ ಒಂದು ಹರಳು ಉಪ್ಪು ಬೀಳಬಾರದು, ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆರಾಧನೆ ಮುಗಿದು ಅಂಗಳದಲ್ಲಿ ಉಳಿದ ರೊಟ್ಟಿ ಹಂಚುವಾಗ, ಹಬ್ಬದ ಸಮಿತಿಯ ಉಸ್ತಾದ್ ನಾಜಿ, ನಿನಗೆ ಲೆಕ್ಕ ಕಲಿಸಿದವನೇ, ಎಲ್ಲರಿಗೂ ಕೇಳುವ ಹಾಗೆ ನಿಮ್ಮಪ್ಪನಿಗೆ ಅಂದ: “ಅಮ್ ಬಖೂಮ್, ಜೊತೆಗೆ ನಾಲ್ಕು ತಾಮಿಯ್ಯ ವಡೇನೂ ಕರಿದು ಕೊಟ್ಟಿದ್ರೆ ನಾಷ್ಟಾನೇ ಆಗ್ಬಿಡ್ತಿತ್ತಲ್ಲ!” ಜನ ನಕ್ಕರು. ನಿಮ್ಮಪ್ಪ ಕೈಯಲ್ಲಿದ್ದ ರೊಟ್ಟಿ ಮುರಿದು ಬಾಯಿಗಿಟ್ಟರು. ಅವರ ಮುಖ ಆಗ ಹೇಗಾಯಿತೆಂದು ನಾನು ಬರೆಯಲಾರೆ.

ಶನಿವಾರ ಅಬೂನ ಮನೆಗೆ ಬಂದು, ಚಹಾ ಕುಡಿದು, ಆ ಮಾತು ಈ ಮಾತು ಆಡಿ, ಕೊನೆಗೆ ಕೀಲಿ ಕೇಳಿದರು. ನಾಜಿ ಮಿನ್ಯಾ ಪಟ್ಟಣದಿಂದ ಹಿಟ್ಟು ನಾದುವ ಯಂತ್ರ ತರಿಸುತ್ತಾನಂತೆ. ರೊಟ್ಟಿ ಮಾಡುವಾಗ ನಿಮ್ಮಪ್ಪ ಹೇಳುವ ಕೀರ್ತನೆಗಳನ್ನು ಟೇಪಿನಲ್ಲಿ ಹಾಕಿಬಿಡುತ್ತಾನಂತೆ. ನೋಡು, ಎಷ್ಟು ಸುಲಭ!

ವಯಸ್ಸಾಯಿತು, ಏನು ಮಾಡುವುದು? ಆಗಸ್ಟಿನಲ್ಲಿ ಅವರು ಬರಿಗೈಯನ್ನು ಒಲೆಯೊಳಗೆ ಚಾಚಿ ಮೊಣಕೈವರೆಗೆ ಸುಟ್ಟುಕೊಂಡಾಗ ನೀನೇ ಬರೆದಿದ್ದೆ, ಹೇಗಾದರೂ ಮಾಡಿ ಅಪ್ಪನನ್ನು ಆ ಒಲೆಯ ಮುಂದಿನಿಂದ ಬಿಡಿಸಮ್ಮ ಎಂದು. ಬಿಟ್ಟರು. ನಿನಗೆ ಸಮಾಧಾನವಾಗಿರಬೇಕು.

ಗುರುವಾರ

ಕಾಗದ ಅಂಚೆಗೆ ಹಾಕಿಲ್ಲ. ಎರಡು ಸಲ ಅಂಚೆ ಡಬ್ಬಿಯ ತನಕ ಹೋಗಿ ವಾಪಸ್ ಬಂದೆ.

ನಿಮ್ಮಪ್ಪನ ವಿಷಯ ಕೇಳು. ಜಗುಲಿಯ ಬೆಂಚು ಬಿಟ್ಟು ಏಳುವುದಿಲ್ಲ. ಊಟಕ್ಕೆ ಕರೆದರೆ ಬರುತ್ತಾರೆ, ತಟ್ಟೆ ನೋಡುತ್ತಾರೆ, ಹೋಗುತ್ತಾರೆ. ನಿನ್ನೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: “ಇನ್ಸಾಫ್, ಆ ಕೋಣೇಲಿ ಉಪ್ಪೇ ಇಡೋದಿಲ್ವಲ್ಲೇ. ಹಾಗಾದ್ರೆ ನಾನೇ ಮನೆಯಿಂದ ಒಯ್ದಿರ್ಬೇಕು. ಜೇಬಲ್ಲಿ ಹಾಕ್ಕೊಂಡು, ಅಷ್ಟು ದೂರ ನಡ್ಕೊಂಡು ಹೋಗಿ, ಸುರಿದಿದೀನಿ. ಅದ್ರಲ್ಲಿ ಒಂದೂ ನೆನಪಿಲ್ಲ ಅಂದ್ರೆ ನನ್ನ ತಲೇಲಿ ಇನ್ನೇನುಳಿದಿದೆ ಹೇಳು?”

ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಇವತ್ತು ಬೆಳಿಗ್ಗೆ ಒಂದು ಚೀಟಿ ಬರೆದು ಜುಬ್ಬಾದ ಒಳಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದಾರೆ. ತಮ್ಮ ಹೆಸರು, ಊರು, ನನ್ನ ಹೆಸರು. ದಾರಿಯಲ್ಲಿ ತಾವು ಯಾರೆಂಬುದೂ ಮರೆತುಹೋದರೆ ಯಾರಾದರೂ ಮನೆಗೆ ತಂದು ಬಿಡಲಿ ಅಂತ. ಅದನ್ನು ನೋಡಿದ ಮೇಲೆ ಇನ್ನು ಮುಚ್ಚಿಡಲಾರೆ ನರ್ಗಿಸ್.

ಆ ಉಪ್ಪು ಹಾಕಿದ್ದು ನಾನು.

ಮೇಲಿನ ಹಾಳೆಗಳನ್ನು ಹರಿಯಬೇಕೆಂದಿದ್ದೆ. ಆಮೇಲೆ ಇರಲಿ, ನಿನ್ನ ತಾಯಿ ಎಷ್ಟು ಚೆನ್ನಾಗಿ ಸುಳ್ಳು ಬರೆಯುತ್ತಾಳೆಂದು ನಿನಗೂ ಗೊತ್ತಾಗಲಿ ಎಂದು ಬಿಟ್ಟೆ. ರೊಟ್ಟಿಯ ಹಿಟ್ಟು ಜರಡಿ ಹಿಡಿಯುವುದು ನಾನೇ ತಾನೆ. ಆ ಗುರುವಾರ ಮಧ್ಯಾಹ್ನ ಕಲ್ಲುಪ್ಪು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಚೀಲದ ಹಿಟ್ಟಿಗೆ ಬೆರೆಸಿ ಮತ್ತೆ ಜರಡಿ ಹಿಡಿದೆ. ಅವರು ಉಪವಾಸದಲ್ಲೇ ನಾದುವುದು, ನೀರು ಕೂಡ ಮುಟ್ಟುವುದಿಲ್ಲ, ಹಿಟ್ಟು ನಾಲಿಗೆಗೆ ತಾಗಿಸುವ ಮಾತೇ ಇಲ್ಲ. ಅದೂ ನನಗೆ ಗೊತ್ತಿತ್ತು. ಎಲ್ಲ ಯೋಚಿಸಿಯೇ ಮಾಡಿದ್ದು.

ಯಾಕೆ ಎನ್ನುತ್ತೀಯಲ್ಲ. ಅವರ ಗಡಿಯಾರವೆಂದರೆ ಕೀರ್ತನೆ. ಇಪ್ಪತ್ತನೇ ಕೀರ್ತನೆಗೆ ಹಿಟ್ಟು ನಾದಿ ಮುಗಿಯಬೇಕು, ಎಪ್ಪತ್ತಕ್ಕೆ ಉಂಡೆ, ನೂರಕ್ಕೆ ಶಿಲುಬೆಯ ಅಚ್ಚು, ನೂರಾ ಹದಿನೆಂಟು ದಾಟಿದ ಮೇಲೆ ಒಲೆಗೆ. ಆಗಸ್ಟಿನಲ್ಲಿ ಸುಟ್ಟುಕೊಂಡ ದಿನ ಅವರು ಕೀರ್ತನೆಯ ಮಧ್ಯೆ ಎಲ್ಲೋ ಸಿಕ್ಕಿಕೊಂಡು, ರೊಟ್ಟಿ ಒಲೆಯಲ್ಲಿದೆಯೋ ಮಣೆಯ ಮೇಲಿದೆಯೋ ತಿಳಿಯದೆ ಕೈ ಹಾಕಿದ್ದರು. ಇನ್ನೊಂದು ಸಲ ಹೀಗಾದರೆ? ಅದೂ ನೂರನೇ ವರ್ಷದ ದಿನ, ಬಿಷಪ್ ಎದುರಿಗೆ, ಮೂರು ಜಿಲ್ಲೆಯ ಜನರೆದುರಿಗೆ? ಈ ಕೆಲಸ ಬಿಡಿ ಎಂದು ಹೇಳಿದೆ, ಜಗಳ ಆಡಿದೆ, ಎರಡು ದಿನ ಮಾತು ಬಿಟ್ಟೆ. “ಹಬ್ಬ ಆಗ್ಲಿ ತಾಳೇ” ಅಂತ ಒಂದೇ ಮಾತು. ದೊಡ್ಡ ದಿನ ಮರ್ಯಾದೆ ಹೋಗುವುದಕ್ಕಿಂತ ಸಣ್ಣ ದಿನ ಸ್ವಲ್ಪ ಹೋಗಲಿ, ವಯಸ್ಸಾಯಿತು ಅಂತ ಜನ ಒಂದು ವಾರ ಆಡಿಕೊಂಡು ಬಿಡುತ್ತಾರೆ ಅಂದುಕೊಂಡೆ. ಎಂಥಾ ಬುದ್ಧಿವಂತೆ ನೋಡು ನಿನ್ನಮ್ಮ!

ಇನ್ನೊಂದೂ ಹೇಳಿಬಿಡುತ್ತೇನೆ. ನಲವತ್ತೊಂದು ವರ್ಷ ವಾರಕ್ಕೆರಡು ರಾತ್ರಿ ಆ ಕೋಣೆಗೆ ಗಂಡನನ್ನು ಬಿಟ್ಟುಕೊಟ್ಟಿದ್ದೇನೆ. ಹೆಂಗಸು ಹೊಸಿಲು ದಾಟುವಂತಿಲ್ಲದ ಕೋಣೆ. ಅದರ ಮೇಲೆ ನನಗೆ ಸವತಿಯ ಮೇಲಿರುವಷ್ಟು ಸಿಟ್ಟಿತ್ತು. ಇದನ್ನು ನಿಮ್ಮಪ್ಪನ ಸುಟ್ಟ ಕೈಯ ನೆಪದಲ್ಲಿ ಮುಚ್ಚಿಡುವುದು ಸರಿಯಲ್ಲ.

ಅವರು ಮನೆಯಲ್ಲಿ ಕೂರಲಿ ಎಂದು ಬಯಸಿದೆ, ಕೂತಿದ್ದಾರೆ. ಜೇಬಲ್ಲಿ ಚೀಟಿ ಸಿಕ್ಕಿಸಿಕೊಂಡು ಕೂತಿದ್ದಾರೆ. ಅವರಿಗೆ ಹೇಳಲೇಬೇಕು, ಹೇಳಲು ನಾಲಿಗೆ ಬರುತ್ತಿಲ್ಲ. ನಾಳೆ ಅಬೂನರ ಹತ್ತಿರ ಹೋಗುತ್ತೇನೆ.

ಸೋಮವಾರ, 14 ಅಕ್ಟೋಬರ್

ಹಬ್ಬ ಮುಗಿಯಿತು. ಈಗ ಕ್ರಮವಾಗಿ ಬರೆಯುತ್ತೇನೆ.

ಶುಕ್ರವಾರ ಪಾಪನಿವೇದನೆಗೆ ಕೂತೆ. ಅಬೂನ ಕೇಳಿಸಿಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಾಗಾದರೆ ಇವತ್ತೇ ನಮ್ಮವರಿಗೆ ಕೀಲಿ ಕೊಟ್ಟುಬಿಡಿ ಎಂದೆ. ನನ್ನ ಕೆಲಸ ಮುಗಿಯಿತೆಂದೇ ಅಂದುಕೊಂಡಿದ್ದೆ. ಅಬೂನ ಅಡ್ಡಡ್ಡ ತಲೆಯಾಡಿಸಿದರು.

“ನೋಡಮ್ಮ, ನೀನಿಲ್ಲಿ ಹೇಳಿದ್ದನ್ನ ನಾನು ಆ ಬಾಗಿಲಾಚೆ ಒಯ್ಯೋ ಹಾಗಿಲ್ಲ. ಈಗ ಬಖೂಮ್‌ನ ಕರೆದು ಕೀಲಿ ಕೊಟ್ರೆ ಯಾಕೆ ಅಂತ ಸಮಿತಿಯವರು ಕೇಳ್ತಾರೆ. ಏನು ಹೇಳ್ಲಿ? ನೀನು ನನ್ನ ಕಿವಿಗೆ ಹೇಳಿ ನನ್ನ ಬಾಯಿಗೆ ಬೀಗ ಹಾಕ್ಬಿಟ್ಟೆ. ಹೊರಗೆ ಹೇಳ್ಬೇಕಾದವಳು ನೀನೇ. ಮೊದ್ಲು ಗಂಡನಿಗೆ.”

ಪಾಪ ಇಳಿಸಲು ಹೋದವಳು ಅದನ್ನು ಹೊತ್ತುಕೊಂಡೇ ಬಂದೆ. ಇಡೀ ಶುಕ್ರವಾರ ನಿಮ್ಮಪ್ಪನ ಸುತ್ತ ಸುತ್ತಿದೆ. ಚಹಾ ಬೇಕಾ, ದಿಂಬು ಬೇಕಾ, ಬಿಸಿಲು ಬೀಳ್ತಿದೆಯಾ. “ಏನೇ, ತಲೆ ತಿರುಗೋ ಹಾಗೆ ಸುತ್ತುತೀಯಲ್ಲ, ಕೂತ್ಕೊಬಾರ್ದಾ?” ಎಂದರು ಪಾಪ.

ಶನಿವಾರ ಮಧ್ಯಾಹ್ನ ಹೇಳಿದೆ. ಬೀದಿಯಲ್ಲಿ ಡೋಲಿನ ಗಲಾಟೆ, ಹಾಗಾಗಿ ಎರಡು ಸಲ ಹೇಳಬೇಕಾಯಿತು. ರೀ, ಉಪ್ಪು ಹಾಕಿದ್ದು ನೀವಲ್ಲ, ನಾನು. ಅವರು ಏನು ಮಾಡಿದರು ಗೊತ್ತೇ? ನನ್ನ ಕೈ ಹಿಡಿದು ತಟ್ಟಿದರು.

“ಸುಮ್ನಿರೇ. ನನ್ನ ಮುಖ ನೋಡಕ್ಕಾಗ್ದೆ ನನ್ನ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಳ್ತಿದೀಯ. ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿನ್ನ ಸುಳ್ಳು ನಂಗೆ ಗೊತ್ತಾಗಲ್ವಾ?”

ನಾನು ಆಣೆ ಇಟ್ಟೆ. ಅವರು ಇನ್ನೂ ಕರಗಿದರು. ಇಂಥ ಹೆಂಡತಿ ಯಾರಿಗುಂಟು ಎಂದು ಕಣ್ಣು ಒರೆಸಿಕೊಂಡರು. ಅಯ್ಯೋ ದೇವರೇ, ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಎನಿಸಿತು! ಎದ್ದು ಹೋಗಿ ಆ ಚೀಲವನ್ನೇ ಎಳೆದುಕೊಂಡು ಬಂದೆ. ಅಂದು ಮಿಕ್ಕ ಹಿಟ್ಟು ಅದರಲ್ಲೇ ಇತ್ತು, ಎಸೆಯಲು ಧೈರ್ಯವಾಗಿರಲಿಲ್ಲ. ಅವರ ಮುಂದಿಟ್ಟು ನಾಲಿಗೆಗೆ ಹಚ್ಚಿ ನೋಡಿ ಎಂದೆ.

ಬೆರಳು ಅದ್ದಿ ನೆಕ್ಕಿದರು. ಚೀಲದ ತಳಕ್ಕೆ ಕೈ ಹಾಕಿ ಇನ್ನೊಂದು ಸಲ ನೆಕ್ಕಿದರು. ನಾನು ಹೊಡೆತಕ್ಕೆ ಸಿದ್ಧಳಾಗಿ ನಿಂತಿದ್ದೆ, ಅವರು ನನ್ನ ಮೇಲೆ ಯಾವತ್ತೂ ಕೈ ಎತ್ತಿದವರಲ್ಲವಾದರೂ. ಅವರು ನಕ್ಕುಬಿಟ್ಟರು.

“ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ!”

ಬೆಂಚಿನಿಂದ ಎದ್ದು ನಿಂತರು. ಕಣ್ಣಲ್ಲಿ ಧಾರಾಕಾರ ನೀರು, ಮೀಸೆಯ ತುಂಬ ಹಿಟ್ಟು. ಗೋಡೆಯಾಚೆ ಕೌಕಬ್ ಬಟ್ಟೆ ಒಣಗಹಾಕುತ್ತಿದ್ದಳು, ಅವಳಿಗೆ ಕೂಗಿ ಹೇಳಿದರು: “ಏ ಕೌಕಬ್, ನನ್ನ ತಲೆ ಸರಿಯಾಗಿದೆ ಕಣಮ್ಮ!” ಅವಳು, “ಯಾರು ಇಲ್ಲ ಅಂದ್ರು ಮಾವ, ಕೂಗ್ಬೇಡಿ, ಬಿಪಿ ಏರುತ್ತೆ” ಅಂದಳು. ಒಳಜೇಬಿನ ಚೀಟಿ ಕಿತ್ತು ತೆಗೆದರು. ನನ್ನ ಭುಜ ಹಿಡಿದು ಮತ್ತೆ ಅದನ್ನೇ ಹೇಳಿದರು. ನಾನೂ ಅತ್ತುಕೊಂಡು ನಗುತ್ತಿದ್ದೆ. ಆಮೇಲೆ ನಿಧಾನವಾಗಿ ಅವರ ಕೈ ನನ್ನ ಭುಜದಿಂದ ಇಳಿಯಿತು.

“ಪವಿತ್ರ ರೊಟ್ಟಿಗೆ... ನೀನಾ?”

ಅಷ್ಟೇ. ಅದಾದ ಮೇಲೆ ಒಂದು ಮಾತಿಲ್ಲ.

ಚರ್ಚಿಗೆ ಹೊರಟೆವು, ಅವರು ಮುಂದೆ, ತಲೆಯ ಮೇಲೆ ಚೀಲ ಹೊತ್ತು ನಾನು ಹಿಂದೆ. ಅಂಗಳದಲ್ಲಿ ನಾಜಿ ಏಣಿಯ ಮೇಲೆ, ಹೆಂಗಸರೆಲ್ಲ ಅಕ್ಕಿ ಆರಿಸುತ್ತ ಕೂತಿದ್ದಾರೆ, ಅಬೂನ ಮೆಟ್ಟಿಲ ಮೇಲೆ. ಚೀಲ ಇಳಿಸಿ, ಕಣ್ಣು ಮುಚ್ಚಿಕೊಂಡು, ಒಂದೇ ಉಸಿರಿಗೆ ಹೇಳಿದೆ. ಇನ್ನೂ ನಂಬದವರು ನೆಕ್ಕಿ ನೋಡಿ ಎಂದೆ. ಅಬೂನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೀಲಿ ಅವರ ಜೇಬಿನಲ್ಲೇ ಇತ್ತು. ತೆಗೆದು ನಿಮ್ಮಪ್ಪನ ಕೈಗಿಟ್ಟು ಆ ಕೈಗೆ ಮುತ್ತು ಕೊಟ್ಟರು. ನಾಜಿ ಏಣಿಯಿಂದಿಳಿದು, “ತಪ್ಪಾಯ್ತು ಅಮ್ ಬಖೂಮ್, ನನ್ನ ಬಾಯಿಗೆ ಬೆಂಕಿ ಬೀಳ” ಎಂದ. ಅವನ ಯಂತ್ರ ಮೂಲೆ ಸೇರಿತು. ನನಗೆ ಅಬೂನ ನಲವತ್ತು ದಿನ ಪ್ರಸಾದವಿಲ್ಲವೆಂದರು. ಕಡಿಮೆಯೇ ಆಯಿತು.

ಹೆಂಗಸರು ಮಾತ್ರ ಮೊರ ಎತ್ತಿಕೊಂಡು ಒಂದು ಮಾರು ಆಚೆ ಸರಿದು ಕೂತರು. ಅಕ್ಕಿ ಆರಿಸಲು ನಾನು ಕೈ ಚಾಚಿದರೆ ಕೌಕಬ್, “ಬೇಡ ಅತ್ತೆ, ನಾವು ಮಾಡ್ಕೋತೀವಿ. ನೀವು ಅಡುಗೆಗೆ ಕೈ ಹಾಕಿದ್ರೆ ಬಿಷಪ್ ಬಾಯಾರಿ ಸತ್ಹೋಗ್ತಾರೆ” ಎಂದಳು. ಎಲ್ಲರೂ ನಕ್ಕರು. ನಗಲಿ, ಅವರೇ ಕಳೆದ ವಾರ ನಿಮ್ಮಪ್ಪನನ್ನು ನೋಡಿ ನಕ್ಕಿದ್ದರು. ಆ ನಗು ಸರಿಯಾದ ಮನೆಬಾಗಿಲಿಗೆ ಬಂತು.

ಭಾನುವಾರದ ಆ ವೈಭವ ನೀನು ನೋಡಬೇಕಿತ್ತು. ಬಿಳಿ ಅಂಗಿ, ಕೆಂಪು ಪಟ್ಟಿಯ ನಿಮ್ಮಪ್ಪ ತಟ್ಟೆ ಹಿಡಿದು ಬಂದರು, ಏಳು ರೊಟ್ಟಿ. ಬಿಷಪ್ ಅವುಗಳಲ್ಲಿ ಒಂದನ್ನು ಆರಿಸಬೇಕಲ್ಲ, ಒಂದೊಂದನ್ನೇ ತಿರುಗಿಸಿ ನೋಡುತ್ತಾರೆ, ಅಂಚಿನಲ್ಲಿ ಬಿರುಕಿಲ್ಲ, ಅಚ್ಚಿನಲ್ಲಿ ಮಸುಕಿಲ್ಲ, ಯಾವುದನ್ನು ಬಿಡುವುದು? ಅಷ್ಟು ಹೊತ್ತು ತೆಗೆದುಕೊಂಡರು ಎಂದರೆ ಗಾಯಕರು ಹಾಡನ್ನು ಮೂರು ಸಲ ಎಳೆಯಬೇಕಾಯಿತು. ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ನಿಂತು ನಾನು ನೋಡಿದೆ. ಪ್ರಸಾದಕ್ಕೆ ಎಲ್ಲರೂ ಮುಂದೆ ಹೋದಾಗ ಇಡೀ ಸಾಲಿನಲ್ಲಿ ನಾನೊಬ್ಬಳೇ ಉಳಿದೆ.

ನಾಜಿ ಆಮೇಲೆ ಒಂದು ಮಾತು ಹೇಳಿದ. ಬೆಳಗಿನ ಜಾವ ನಿಮ್ಮಪ್ಪ ಒಂದೇ ಕೀರ್ತನೆಯನ್ನು ಮೂರು ಸಲ ಹೇಳಿದರಂತೆ. ಇವನು ಬಾಗಿಲಲ್ಲಿ ನಿಂತು ಮುಂದಿನದನ್ನು ಎತ್ತಿಕೊಟ್ಟನಂತೆ, ಆಮೇಲೆ ಕೊನೆಯವರೆಗೂ ಹಾಗೇ ಎತ್ತಿಕೊಡುತ್ತ ನಿಂತನಂತೆ. ಸಂಭ್ರಮದಲ್ಲಿ ಯಾರಿಗಾದರೂ ಆಗುತ್ತದೆ. ನನ್ನ ಮದುವೆಯ ದಿನ ನಾನು ನನ್ನ ಚಪ್ಪಲಿಯನ್ನೇ ಮರೆತಿದ್ದೆ.

ಮನೆಯಲ್ಲಿ ಅವರು ಈಗಲೂ ಮಾತಾಡುವುದಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಚೆನ್ನಾಗಿಯೇ ಉಣ್ಣುತ್ತಾರೆ. ನೋಡಿದರೆ ಮುಖ ಗೋಡೆಗೆ ತಿರುಗಿಸುತ್ತಾರೆ. ಎಷ್ಟು ದಿನ ಬೇಕೋ ಅಷ್ಟು ದಿನ ತಿರುಗಿಸಲಿ. ಅವರ ಸಿಟ್ಟು ಇಳಿಯುವವರೆಗೆ ಕಾಯುತ್ತೇನೆ, ನನಗೇನು ಬೇರೆ ಕೆಲಸ? ನೀನೂ ಸಿಟ್ಟಾಗಬೇಕೆನಿಸಿದರೆ ಆಗು, ಕನ್ಯಾಸ್ತ್ರೀ ಎಂದು ತಡೆದುಕೊಳ್ಳಬೇಡ. ನನಗಾಗಿ ಪ್ರಾರ್ಥನೆ ಮಾಡುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೋ, ಆ ಮಠದ ಕಲ್ಲುನೆಲ ಬಹಳ ತಣ್ಣಗಿರುತ್ತದೆ.

ನಿನ್ನನ್ನು ಹೆತ್ತ, ನಿನಗೆ ಮುಖ ತೋರಿಸಲು ನಾಚುವ ಅಮ್ಮ,
ಇನ್ಸಾಫ್

ತಾ.ಕ.: ಬುಧವಾರ. ಅಂಟಿಸಿದ್ದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ನಿಮ್ಮಪ್ಪ ನನ್ನೊಂದಿಗೆ ಮಾತಾಡಿದರು. ಚಹಾ ಕೊಟ್ಟಾಗ ನನ್ನ ಕೈ ಹಿಡಿದುಕೊಂಡು, “ಇನ್ಸಾಫ್, ಹಬ್ಬಕ್ಕೆ ನನ್ನನ್ನ ಕರೀತಾರೇನೇ? ಆ ಉಪ್ಪು ಹಾಕ್ಬಿಟ್ನಲ್ಲ, ಇನ್ನೆಲ್ಲಿ ಕರೀತಾರೆ” ಎಂದರು. ಚುಚ್ಚಲು ಹೇಳುತ್ತಿದ್ದಾರೆ ಎಂದುಕೊಂಡು ತಲೆ ಎತ್ತಿದೆ. ಚುಚ್ಚುವ ಕಣ್ಣಲ್ಲ ಅದು ಮಗಳೇ. ಹಬ್ಬ ಆಯಿತು, ರೊಟ್ಟಿ ನೀವೇ ಬೇಯಿಸಿದಿರಿ, ಬಿಷಪ್‌ಗೆ ಆರಿಸಲೇ ಆಗಲಿಲ್ಲ ಎಂದು ಎಲ್ಲ ಹೇಳಿದೆ. ಸುಮ್ಮನೆ ಕೇಳಿ, “ನನ್ನ ಸಮಾಧಾನಕ್ಕೆ ಏನೇನೋ ಹೇಳ್ತೀಯ” ಎಂದರು. ಭಾನುವಾರ ಅವರ ತಲೆಯಲ್ಲಿ ಇಲ್ಲವೇ ಇಲ್ಲ. ಆ ಶುಕ್ರವಾರ ಮಾತ್ರ ಇದೆ. ಮತ್ತೆ ಹೇಳಿದೆ, ಉಪ್ಪು ಹಾಕಿದ್ದು ನಾನು ಅಂತ. ಮತ್ತೆ ಚೀಲ ತಂದೆ. ನೆಕ್ಕಿದರು, ನಕ್ಕರು, ಅತ್ತರು, ಕೌಕಬ್‌ಗೆ ಕೂಗಿದರು, ಆಮೇಲೆ ಕೈ ಇಳಿಸಿ “ನೀನಾ?” ಎಂದು ಕೇಳಿ ಮಾಳಿಗೆ ಹತ್ತಿ ಕೂತರು. ಸಂಜೆ ಇಳಿದು ಬಂದು ಪಕ್ಕದಲ್ಲಿ ಕೂತು ಅದೇ ಪ್ರಶ್ನೆ. ಇವತ್ತು ಬೆಳಿಗ್ಗೆ ಮತ್ತೆ. ಅಬೂನ ಹೇಳುತ್ತಾರೆ, ಇನ್ನು ಸಾಕಮ್ಮ, ಮಾತು ಮರೆಸಿ ಬೇರೇನಾದರೂ ಹೇಳು, ಅದು ಪಾಪವಾಗುವುದಿಲ್ಲ ಎಂದು. ಆದರೆ ನಿಮ್ಮಪ್ಪ ಆ ಹಿಟ್ಟನ್ನು ನಾಲಿಗೆಗಿಟ್ಟು, “ನನ್ನ ತಲೆ ಸರಿಯಾಗೇ ಇದೆ ಇನ್ಸಾಫ್” ಎಂದು ಎದ್ದು ನಿಲ್ಲುತ್ತಾರಲ್ಲ, ಅದನ್ನು ನಾನು ಹೇಗೆ ತಪ್ಪಿಸಲಿ? ಈಗ ಅವರು ಮೆಟ್ಟಿಲಿಳಿದು ಬರುವ ಸದ್ದಾಗುತ್ತಿದೆ. ಹೇಳಬೇಕು.